ಓದಿದ್ದು ಕೈಗೆ ಬರುವುದು ಹೇಗೆ? – ಕಾಲೇಜು ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ. ಹೆಸರು ಬೇಡವೆಂದು ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಪಿಯುಸಿಯನ್ನು ಗೈಡ್ ಬಾಯಿಪಾಠ ಮಾಡಿ ದಾಟಿದೆ. ಈಗ ಬಿ.ಎಸ್ಸಿ.ಯಲ್ಲಿ ಇಂಗ್ಲಿಷ್ ಪಠ್ಯದ ಒಂದು ಪುಟಕ್ಕೆ ಅರ್ಧ ಗಂಟೆ ಬೇಕು. ಪ್ರತಿ ಪದಕ್ಕೂ ನಿಘಂಟು ನೋಡುತ್ತೇನೆ, ಕೊನೆಗೆ ಪುಟದ ಅರ್ಥವೇ ಕೈಗೆ ಸಿಗುವುದಿಲ್ಲ.
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ನಿಘಂಟು ನೋಡುವುದನ್ನು ಮುಕ್ಕಾಲು ಪಾಲು ನಿಲ್ಲಿಸಿ. ವಿಜ್ಞಾನದ ಪುಟದಲ್ಲಿ ಗೊತ್ತಿಲ್ಲದ ಪದಗಳು ಮೂರು ಬಗೆ. ಮೊದಲನೆಯವು ಪಾರಿಭಾಷಿಕ ಪದಗಳು. ಪುಟವೊಂದಕ್ಕೆ ಇಂಥವು ಐದಾರು ಇರಬಹುದು, ಇವನ್ನು ಬಿಡುವಂತಿಲ್ಲ. ಎರಡನೆಯವು ವಾಕ್ಯಕ್ಕೆ ವಾಕ್ಯ ಕಟ್ಟುವ ಪದಗಳು: ಹೌಎವರ್, ವೇರ್‌ಆ್ಯಸ್, ಹೆನ್ಸ್, ಅನ್‌ಲೆಸ್, ಪ್ರೊವೈಡೆಡ್ ದಟ್. ಇಂಥವು ಒಟ್ಟು ನಲವತ್ತೋ ಐವತ್ತೋ ಇದ್ದಾವು, ಒಮ್ಮೆ ಕಲಿತರೆ ಮೂರೂ ವರ್ಷಕ್ಕೆ ಸಾಕು. ಉಳಿದದ್ದು ಮೂರನೆಯ ಬಗೆ. ಅದನ್ನು ಹಾರಿಸಿಕೊಂಡು ಓದಿದರೂ ಪುಟದ ಅರ್ಥ ಕೆಡುವುದಿಲ್ಲ.

ನಿಜವಾದ ಪೆಟ್ಟು ಬೀಳುವುದು ಎರಡನೆಯ ಬಗೆಯಲ್ಲಿ. 'ಪ್ರೊವೈಡೆಡ್' ಎಂದರೆ 'ಒದಗಿಸಿದ' ಎಂದು ನಿಘಂಟಿನ ಮೊದಲ ಅರ್ಥ ಹಿಡಿದರೆ ಹುಕ್ಕನ ನಿಯಮದ (ಬಲಕ್ಕೆ ತಕ್ಕಂತೆ ವಸ್ತು ಹಿಗ್ಗುತ್ತದೆ ಎನ್ನುವ ಭೌತಶಾಸ್ತ್ರದ ನಿಯಮ) ಷರತ್ತೇ ಮಾಯವಾಗುತ್ತದೆ. ಅಲ್ಲಿ ಹೇಳುತ್ತಿರುವುದು 'ಸ್ಥಿತಿಸ್ಥಾಪಕತ್ವದ ಮಿತಿ ದಾಟದಿದ್ದರೆ ಮಾತ್ರ' ಎಂದು. ಪರೀಕ್ಷೆಯಲ್ಲಿ ಅರ್ಧ ಅಂಕ ಹೋಗುವುದು ಇಂಥ ಕಡೆಯೇ.

ಪಾರಿಭಾಷಿಕ ಪದಗಳಲ್ಲಿ ನೀವು ಅಂದುಕೊಂಡಿರುವಷ್ಟು ಬಡವರೇನಲ್ಲ. ಜವ, ವೇಗ, ವೇಗೋತ್ಕರ್ಷ, ಸಂವೇಗ, ಜಡತ್ವ, ಅಭಿಸರಣೆ, ದ್ಯುತಿಸಂಶ್ಲೇಷಣೆ ಎಲ್ಲವನ್ನೂ ಹೈಸ್ಕೂಲಿನಲ್ಲೇ ಓದಿದ್ದೀರಿ. ವಿಷಯ ತಲೆಯಲ್ಲಿದೆ, ಅದಕ್ಕೆ ಅಂಟಿಸಿದ ಚೀಟಿ ಮಾತ್ರ ಬೇರೆ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಇಂಗ್ಲಿಷ್ ಪದ, ಶಾಲೆಯಲ್ಲಿ ಕಲಿತ ಕನ್ನಡ ಪದ, ಆ ಪದ ಬಳಸಿ ನೀವೇ ಬರೆದ ಒಂದು ಇಂಗ್ಲಿಷ್ ವಾಕ್ಯ. ಮೂರನೆಯ ಕಾಲಂ ಖಾಲಿ ಬಿಟ್ಟರೆ ಮೊದಲೆರಡು ಬರೀ ಪಟ್ಟಿಯಾಗಿ ಉಳಿಯುತ್ತವೆ. ದಿನಕ್ಕೆ ಐದು ಪದ ಸಾಕು. ಕನ್ನಡದ ಸಮಾನ ಪದ ನೆನಪಾಗದಿದ್ದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿ ಜಾಲತಾಣದ ನಿಘಂಟುಗಳಲ್ಲಿ ಹುಡುಕಿ, ಉಚಿತ.

ದಿನಬಳಕೆಯ ಪದಗಳು ವೇಷ ಬದಲಿಸಿ ಬರುವ ಕಡೆ ಎಚ್ಚರ. ರಸಾಯನಶಾಸ್ತ್ರದಲ್ಲಿ 'ಸಾಲ್ಯೂಷನ್' ಎಂದರೆ ದ್ರಾವಣ, ಪರಿಹಾರವಲ್ಲ. 'ಬೇಸ್' ಎಂದರೆ ಪ್ರತ್ಯಾಮ್ಲ, ತಳವಲ್ಲ. 'ಪವರ್' ಭೌತಶಾಸ್ತ್ರದಲ್ಲಿ ಸಾಮರ್ಥ್ಯ, ಗಣಿತದಲ್ಲಿ ಘಾತ. ಇಂಥ ಪದ ಸಿಕ್ಕಾಗ ಕೆಂಪು ಶಾಯಿಯಲ್ಲಿ ಬರೆದಿಡಿ. ಗೊತ್ತಿರುವ ಪದವೆಂದು ನಿಘಂಟು ತೆರೆಯುವುದೇ ಇಲ್ಲವಲ್ಲ, ಮೋಸ ಹೋಗುವುದು ಅಲ್ಲೇ.

ಓದುವ ಕ್ರಮವನ್ನೂ ತಿರುಗಿಸಿ. ಅಧ್ಯಾಯದ ಕೊನೆಯ ಪ್ರಶ್ನೆಗಳನ್ನು ಮೊದಲು ಓದಿ, ನಂತರ ಉಪಶೀರ್ಷಿಕೆ ಮತ್ತು ಚಿತ್ರಗಳ ಕೆಳಗಿನ ಸಾಲು, ಆಮೇಲೆ ಸಾರಾಂಶ. ಇಷ್ಟಕ್ಕೆ ಹತ್ತು ನಿಮಿಷ. ಇದನ್ನು ತರಗತಿಗೆ ಹೋಗುವ ಮುನ್ನ ಮಾಡಬೇಕು. ಪೂರ್ಣ ಓದು ತರಗತಿಯಾದ ಮೇಲೆ, ಅದೇ ಸಂಜೆ. ಮೊದಲ ತಿಂಗಳು ನಿಧಾನವಾಗಿಯೇ ಇರುತ್ತದೆ. ಅಲ್ಲಿಂದ ಮುಂದೆ ಅದೇ ಪದಗಳು ಮತ್ತೆ ಮತ್ತೆ ಬರುವುದರಿಂದ ವೇಗ ತಾನಾಗಿ ಹೆಚ್ಚುತ್ತದೆ.

ಇನ್ನೊಂದು ಮಾತು. ಇಂಗ್ಲಿಷ್ ಮಾಧ್ಯಮದ ಕೋರ್ಸಿನಲ್ಲೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಡಿ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೋರಿದೆ. ಅದು ಕೋರಿಕೆ, ಆದೇಶವಲ್ಲ. ನಿಮ್ಮ ವಿಶ್ವವಿದ್ಯಾಲಯದ ನಿಯಮವೇನೆಂದು ಪರೀಕ್ಷಾ ವಿಭಾಗದಲ್ಲಿ ಬರವಣಿಗೆಯಲ್ಲೇ ಕೇಳಿ ತಿಳಿಯಿರಿ. ಸಹಪಾಠಿಗಳ ಮಾತು ನಂಬಿ ಕೂರಬೇಡಿ.

ಇತಿಹಾಸ ನನ್ನ ಐಚ್ಛಿಕ ವಿಷಯ. ಪ್ರತಿ ಪಾಠ ಮೂರು ಸಲ ಓದುತ್ತೇನೆ, ಹಳದಿ ಮಾರ್ಕರ್ ಹಾಕುತ್ತೇನೆ. ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಕೂತರೆ ತಲೆ ಖಾಲಿ.
– ಬಿ.ಎ. ವಿದ್ಯಾರ್ಥಿ, ಮಂಡ್ಯ

ಕಂಡಾಗ ಗುರುತು ಹಿಡಿಯುವುದು ಒಂದು, ಕಾಣದೆ ಹೇಳುವುದು ಇನ್ನೊಂದು. ಸಂತೆಯಲ್ಲಿ ಎದುರಾದವನ ಮುಖ ಪರಿಚಯವಿರುತ್ತದೆ, ಹೆಸರು ನಾಲಿಗೆಗೆ ಬರುವುದಿಲ್ಲ. ನೀವು ಮಾಡುತ್ತಿರುವುದು ಮೂರೂ ಸಲ ಮುಖ ನೋಡುವ ಕೆಲಸ, ಪರೀಕ್ಷೆ ಕೇಳುವುದು ಹೆಸರು.

ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇದನ್ನೇ ಅಳೆದು ನೋಡಿದರು. ಒಂದೇ ಪಾಠ, ಎರಡು ದಾರಿ. ಒಂದರಲ್ಲಿ ಪಾಠವನ್ನು ಮತ್ತೊಮ್ಮೆ ಓದಿಸಿದರು. ಇನ್ನೊಂದರಲ್ಲಿ ಪಾಠ ತೆಗೆದಿಟ್ಟು ನೆನಪಿದ್ದದ್ದನ್ನು ಬರೆಸಿದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದ್ದೇ ಮೇಲು: ಶೇ. 81ಕ್ಕೆ ಎದುರಾಗಿ ಶೇ. 75. ಒಂದು ವಾರ ಕಳೆದ ಮೇಲೆ ಲೆಕ್ಕ ತಿರುಗಿಬಿತ್ತು. ಮತ್ತೆ ಓದಿದ ಪಾಠದಲ್ಲಿ ಉಳಿದದ್ದು ಶೇ. 42, ಬರೆದು ನೋಡಿದ ಪಾಠದಲ್ಲಿ ಶೇ. 56. ಪರೀಕ್ಷೆಯ ಹಿಂದಿನ ರಾತ್ರಿ ಓದುವುದು ಯಾಕೆ ಅಷ್ಟು ಹಿತವಾಗಿರುತ್ತದೆ, ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಯಾಕೆ ಏನೂ ಉಳಿಯುವುದಿಲ್ಲ ಎಂಬ ಎರಡಕ್ಕೂ ಈ ಅಂಕಿಗಳೇ ಉತ್ತರ.

ಹೀಗೆ ಮಾಡಿ. ಪಾಠ ಒಂದು ಸಲ ಗಮನವಿಟ್ಟು ಓದಿ. ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದು ಹತ್ತು ನಿಮಿಷ ನೆನಪಿದ್ದದ್ದನ್ನೆಲ್ಲ ಬರೆಯಿರಿ. ಪೂರ್ಣ ವಾಕ್ಯ ಬೇಡ, ತುಂಡು ತುಂಡಾಗಿದ್ದರೂ ಸರಿ. ನಂತರ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಮುಂದಿನ ಸಲ ಓದಬೇಕಾದದ್ದು ಆ ಬೇರೆ ಬಣ್ಣದ ಭಾಗವನ್ನಷ್ಟೇ. ಇದೇ ಕೆಲಸ ಮರುದಿನ, ಮೂರನೆಯ ದಿನ, ಒಂದು ವಾರಕ್ಕೆ, ಮೂರು ವಾರಕ್ಕೆ. ಒಂದೆರಡು ದಿನ ಹಿಂದೆ ಮುಂದೆ ಆದರೆ ಪರವಾಗಿಲ್ಲ, ಅಂತರ ಹಿಗ್ಗುತ್ತಾ ಹೋಗಬೇಕು ಅಷ್ಟೆ.

ಮೊದಲ ಹಾಳೆ ಮುಕ್ಕಾಲು ಖಾಲಿ ಉಳಿಯುತ್ತದೆ. ಹೆಚ್ಚಿನವರು ಅಲ್ಲೇ ಕೈಬಿಟ್ಟು ಮಾರ್ಕರ್‌ಗೆ ಮರಳುತ್ತಾರೆ. ಆ ತಿಣುಕಾಟದಲ್ಲೇ ನೆನಪು ಗಟ್ಟಿಯಾಗುವುದು, ಖಾಲಿ ಹಾಳೆ ಸೋಲಿನ ಗುರುತಲ್ಲ. ಹಾಗೆಂದು ಪುಸ್ತಕ ಪಕ್ಕದಲ್ಲಿ ತೆರೆದಿಟ್ಟು ಇಣುಕಿ ನೋಡಿ ಬರೆಯಬೇಡಿ, ಅದು ನಕಲು ಮಾಡಿದಂತೆ, ನೆನಪಿಸಿಕೊಂಡಂತಲ್ಲ.

80 ಅಂಕ, 3 ಗಂಟೆ. ಪ್ರತಿ ಸಲವೂ ಕೊನೆಯ 10 ಅಂಕದ ಪ್ರಶ್ನೆ ಮುಟ್ಟುವಷ್ಟರಲ್ಲಿ ಗಂಟೆ ಬಾರಿಸುತ್ತಾರೆ. ಉತ್ತರ ಗೊತ್ತಿದ್ದೂ ಬಿಟ್ಟು ಬರುತ್ತೇನೆ.
– ಬಿ.ಕಾಂ. ವಿದ್ಯಾರ್ಥಿ, ತುಮಕೂರು

ಇದು ನೇರ ಲೆಕ್ಕ. 180 ನಿಮಿಷದಲ್ಲಿ ಪ್ರಶ್ನೆಪತ್ರಿಕೆ ಓದಿ ಆಯ್ಕೆ ಮಾಡಲು 10, ಕೊನೆಗೆ ತಿರುಗಿ ನೋಡಲು 10 ತೆಗೆಯಿರಿ. ಉಳಿದ 160 ನಿಮಿಷವನ್ನು 80ಕ್ಕೆ ಹಂಚಿದರೆ ಒಂದು ಅಂಕಕ್ಕೆ ಎರಡು ನಿಮಿಷ. 10 ಅಂಕದ ಉತ್ತರಕ್ಕೆ 20, 5 ಅಂಕಕ್ಕೆ 10, 2 ಅಂಕಕ್ಕೆ 4. ನಿಮ್ಮಂಥವರು ಎಡವುವುದು ಒಂದೇ ಕಡೆ: ಚೆನ್ನಾಗಿ ಗೊತ್ತಿರುವ ಮೊದಲ ಪ್ರಶ್ನೆಗೆ 35 ನಿಮಿಷ ಸುರಿಯುವುದು. 20 ನಿಮಿಷದಲ್ಲಿ 7 ಅಂಕ ಬರುತ್ತಿದ್ದ ಉತ್ತರಕ್ಕೆ ಇನ್ನೂ 15 ನಿಮಿಷ ಹಾಕಿದರೆ ಅದು 8 ಆದೀತು. ಅದೇ 15 ನಿಮಿಷದಲ್ಲಿ ಮುಟ್ಟದ ಪ್ರಶ್ನೆಗೆ 4ರಿಂದ 5 ಅಂಕ ಸಿಗುತ್ತಿತ್ತು. ಯಾವ ಉತ್ತರದಲ್ಲೂ ಮೊದಲ ಅಂಕಗಳು ಅಗ್ಗ, ಕೊನೆಯವು ದುಬಾರಿ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಗೊತ್ತಿರುವ ಉತ್ತರವನ್ನು ಗಡಿಯಾರ ಇಟ್ಟುಕೊಂಡು 20 ನಿಮಿಷ ಬರೆದು, ಎಷ್ಟು ಪುಟವಾಯಿತು ನೋಡಿ. ಎರಡೂವರೆ ಪುಟ ಬಂದರೆ ನಿಮ್ಮ 10 ಅಂಕದ ಉತ್ತರದ ಅಳತೆ ಎರಡೂವರೆ ಪುಟ. ನಾಲ್ಕು ಪುಟದ ನೋಟ್ಸ್ ಬಾಯಿಪಾಠ ಮಾಡಿದರೆ ಅದು ಆ ಸಮಯದಲ್ಲಿ ಹಿಡಿಸುವುದೇ ಇಲ್ಲ. ನೋಟ್ಸನ್ನು ಎರಡೂವರೆ ಪುಟಕ್ಕೆ ಮನೆಯಲ್ಲೇ ಕತ್ತರಿಸಿ, ಪರೀಕ್ಷಾ ಕೊಠಡಿಯಲ್ಲಿ ಕತ್ತರಿಸಲು ಹೋಗಬೇಡಿ. ವಾರಕ್ಕೊಮ್ಮೆಯಾದರೂ ಹೀಗೆ ಪೆನ್ನು ಹಿಡಿದು ಬರೆಯಿರಿ. ಇಡೀ ಸೆಮಿಸ್ಟರ್ ಮೊಬೈಲಿನಲ್ಲಿ ಓದಿದ ಕೈ ಮೂರು ಗಂಟೆ ಒಂದೇ ಸಮ ಬರೆಯಲಾರದು. ಎರಡನೆಯ ಗಂಟೆಗೆ ಬೆರಳು ನೋಯುತ್ತದೆ, ಅಕ್ಷರ ಕೆಡುತ್ತದೆ.

ಸಮಯದ ಜೊತೆಗೆ ಪ್ರಶ್ನೆಯ ಕ್ರಿಯಾಪದವನ್ನೂ ನೋಡಿ. 'ವಿವರಿಸಿ' ಎಂದರೆ ಏನು, ಹೇಗೆ ಎಂದು ಕ್ರಮವಾಗಿ ಹೇಳುವುದು. 'ವಿಶ್ಲೇಷಿಸಿ' ಎಂದರೆ ಬಿಡಿಸಿ, ಯಾವ ಭಾಗ ಯಾವುದಕ್ಕೆ ಕಾರಣ ಎಂದು ತೋರಿಸುವುದು. 'ವಿಮರ್ಶಿಸಿ' ಎಂದರೆ ಪರ ವಿರೋಧ ತೂಗಿ ಒಂದು ತೀರ್ಮಾನ ಕೊಡುವುದು, ಇಲ್ಲಿ ತೀರ್ಮಾನವಿಲ್ಲದಿದ್ದರೆ ಅಂಕ ಕಡಿತ ಖಚಿತ. 'ವ್ಯತ್ಯಾಸ ತಿಳಿಸಿ' ಎಂದರೆ ಒಂದೊಂದು ಅಂಶಕ್ಕೂ ಎರಡನ್ನೂ ಎದುರುಬದುರು ಇಡುವುದು. ಅರ್ಧ ಪುಟ ಅದರ ಬಗ್ಗೆ, ಅರ್ಧ ಪುಟ ಇದರ ಬಗ್ಗೆ ಬರೆದರೆ ಅದು ಎರಡು ಟಿಪ್ಪಣಿ, ವ್ಯತ್ಯಾಸವಲ್ಲ. ಲೆಕ್ಕಪತ್ರದ ಪ್ರಶ್ನೆಯಲ್ಲಿ ಮೊತ್ತ ತಾಳೆಯಾಗದಿದ್ದರೆ ಐದು ನಿಮಿಷಕ್ಕಿಂತ ಹೆಚ್ಚು ಹುಡುಕಬೇಡಿ. ವರ್ಕಿಂಗ್ ನೋಟ್ಸ್ ಸ್ಪಷ್ಟವಾಗಿದ್ದರೆ ಹಂತಕ್ಕೆ ಅಂಕ ಸಿಗುತ್ತದೆ, ಮುಂದೆ ಹೋಗಿ.

ತರಗತಿಯಲ್ಲಿ ಮೇಷ್ಟ್ರು ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ಹೋಗಿ ಏನೂ ಅರ್ಥವಾಗುವುದಿಲ್ಲ. ಕೇಳುತ್ತ ಕೂತರೆ ನೋಟ್ಸ್ ಇರುವುದಿಲ್ಲ.
– ಶಿವಮೊಗ್ಗ

ಹಾಳೆಯ ಎಡಕ್ಕೆ ಎರಡೂವರೆ ಅಂಗುಲ ಬಿಟ್ಟು ಗೆರೆ ಎಳೆಯಿರಿ, ಕೆಳಗೆ ಎರಡು ಅಂಗುಲ ಬಿಡಿ. ತರಗತಿಯಲ್ಲಿ ಬಲಭಾಗದಲ್ಲಿ ಮಾತ್ರ, ಹೇಳಿದ್ದರ ತಿರುಳನ್ನಷ್ಟೇ ಬರೆಯಿರಿ: ವ್ಯಾಖ್ಯೆ, ಉದಾಹರಣೆ, ಬೋರ್ಡಿನ ಮೇಲಿನ ಚಿತ್ರ. ಅದೇ ಸಂಜೆ ಎಡಭಾಗದಲ್ಲಿ ಆ ತಿರುಳಿಗೆ ತಕ್ಕ ಪ್ರಶ್ನೆ ಬರೆಯಿರಿ, ಕೆಳಗೆ ಎರಡು ಮೂರು ಸಾಲಿನಲ್ಲಿ ಪಾಠದ ಸಾರ. ಮುಂದೆ ಓದುವಾಗ ಬಲಭಾಗ ಮುಚ್ಚಿ ಎಡದ ಪ್ರಶ್ನೆಗೆ ಉತ್ತರ ಹೇಳಿಕೊಳ್ಳಿ. ಈ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್. ಅದಕ್ಕೇ ಕಾರ್ನೆಲ್ ನೋಟ್ಸ್ ಎಂಬ ಹೆಸರು. ಸಂಜೆಯ ಹದಿನೈದು ನಿಮಿಷ ತಪ್ಪಿದರೆ ಇದು ಬರೀ ಗೆರೆ ಎಳೆದ ಹಾಳೆ. ಗಣಿತಕ್ಕೆ ಇದು ಅಷ್ಟಾಗಿ ಒಗ್ಗುವುದಿಲ್ಲ, ಅಲ್ಲಿ ಪೂರ್ಣ ಹಂತಗಳೇ ಬೇಕು.

ಕೃತಿಚೌರ್ಯ ಪರೀಕ್ಷಿಸುವ ತಂತ್ರಾಂಶದಲ್ಲಿ ನನ್ನ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯಕ್ಕೆ ಬೇರೆ ಬರಹಗಳೊಡನೆ ಶೇ. 34 ಹೋಲಿಕೆ ಬಂದಿದೆ. ಮಾರ್ಗದರ್ಶಕರು 'ಪದ ಬದಲಿಸಿ ತಾ' ಎನ್ನುತ್ತಾರೆ. ಪದ ಬದಲಿಸಿದರೆ ಸಾಕೇ? ಪದವಿ ರದ್ದಾಗುತ್ತದೆಯೇ?
– ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಮೊದಲು ಭಯಕ್ಕೆ ಉತ್ತರ. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ತಂದ ನಿಯಮಾವಳಿಯಲ್ಲಿ ನಾಲ್ಕು ಹಂತಗಳಿವೆ. ಶೇ. 10ರವರೆಗೆ ದಂಡವಿಲ್ಲ. 10ರಿಂದ 40ರವರೆಗೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60ರವರೆಗೆ ತಿದ್ದಿದ ಪ್ರತಿಯನ್ನು ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ನಿಮ್ಮದು ಇನ್ನೂ ಒಳಗಿನ ಕರಡು. ಸಲ್ಲಿಸುವ ಮುನ್ನ ಸರಿಪಡಿಸಿದರೆ ಯಾವ ಹಂತವೂ ಅನ್ವಯಿಸುವುದಿಲ್ಲ.

ವರದಿಯಲ್ಲಿ 34 ಎಂಬ ಸಂಖ್ಯೆ ನೋಡಿ ಕೂರಬೇಡಿ, ಬಣ್ಣ ಬಳಿದ ಸಾಲುಗಳನ್ನು ಓದಿ. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಾಠ, ಪ್ರಮಾಣಿತ ಸೂತ್ರಗಳು ಲೆಕ್ಕಕ್ಕೆ ಬರಬಾರದು. ಸಾಮಾನ್ಯ ಜ್ಞಾನದ ಮಾತು ಅಥವಾ ಕಾಕತಾಳೀಯವಾಗಿ ಹೊಂದಿಕೆಯಾದ ಸಾಲು ಸತತ 14 ಪದಗಳವರೆಗೆ ಇದ್ದರೆ ಅದನ್ನೂ ನಿಯಮ ಬಿಡುತ್ತದೆ. ಗ್ರಂಥಾಲಯದಲ್ಲಿ ಪರೀಕ್ಷೆ ನಡೆಸುವವರು ಈ ಆಯ್ಕೆಗಳನ್ನು ಹಾಕಿದ್ದಾರೆಯೇ ಕೇಳಿ. ಕೆಲವೊಮ್ಮೆ ಗ್ರಂಥಸೂಚಿಯೊಂದನ್ನು ಹೊರಗಿಟ್ಟರೆ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ.

ಇನ್ನು ಪದ ಬದಲಿಸುವ ಮಾತು. ಒಂದು ಮಾದರಿ ಸಾಲು ನೋಡಿ: '1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು, ಆದರೆ ಕಂದಾಯದ ಕ್ರಮ, ಶಾಲೆಯ ಪಠ್ಯ, ಕಚೇರಿಯ ರೂಢಿ ಬೇರೆ ಬೇರೆಯೇ ಇದ್ದುದರಿಂದ ಏಕೀಕರಣ ಕಾಗದದ ಮೇಲೆ ಮುಗಿದ ದಿನವೇ ನೆಲದ ಮೇಲೆ ಶುರುವಾಯಿತು.'

ಇದನ್ನು 'ನವೆಂಬರ್ 1, 1956ರಂದು ಕನ್ನಡ ಭಾಗಗಳು ಒಗ್ಗೂಡಿದವು. ಆದರೆ ತೆರಿಗೆ ಪದ್ಧತಿ, ಪಠ್ಯಕ್ರಮ, ಆಡಳಿತದ ವಾಡಿಕೆ ಭಿನ್ನವಾಗಿದ್ದರಿಂದ ಏಕೀಕರಣ ಕಡತದಲ್ಲಿ ಮುಗಿದ ದಿನವೇ ವಾಸ್ತವದಲ್ಲಿ ಆರಂಭವಾಯಿತು' ಎಂದು ಬರೆದರೆ ತಂತ್ರಾಂಶ ಸುಮ್ಮನಿರಬಹುದು. ಆದರೂ ಅದು ಕಳವೇ. ವಾಕ್ಯದ ಎಲುಬು, ವಾದ, ಕೊನೆಯ ತಿರುವು ಎಲ್ಲ ಮೂಲದವರದ್ದು. ಸರಿಯಾದ ದಾರಿ ಇದು: 'ಏಕೀಕರಣವನ್ನು ಇಂಥ ಲೇಖಕರು 1956ರಲ್ಲಿ ಮುಗಿದ ಘಟನೆಯಾಗಿ ಅಲ್ಲ, ಆ ವರ್ಷ ತೊಡಗಿದ ಆಡಳಿತದ ಕೆಲಸವಾಗಿ ನೋಡುತ್ತಾರೆ (ವರ್ಷ, ಪುಟ). ಕಂದಾಯ ದಾಖಲೆಗಳ ಮಟ್ಟಿಗೆ ಈ ಮಾತು ಎಷ್ಟು ನಿಲ್ಲುತ್ತದೆ ಎಂಬುದು ಈ ಅಧ್ಯಾಯದ ಪ್ರಶ್ನೆ.' ದಿನಾಂಕ ಎಲ್ಲರಿಗೂ ಗೊತ್ತಿರುವ ಸಂಗತಿ, ಅದಕ್ಕೆ ಉಲ್ಲೇಖ ಬೇಡ. 'ನೆಲದ ಮೇಲೆ ಶುರುವಾಯಿತು' ಎಂಬುದು ಒಬ್ಬರ ತೀರ್ಮಾನ, ಅದಕ್ಕೆ ಉಲ್ಲೇಖ ಬೇಕೇ ಬೇಕು. ಎರಡನೆಯ ವಾಕ್ಯ ನಿಮ್ಮದು, ಪ್ರಬಂಧ ಇರುವುದೇ ಅದಕ್ಕಾಗಿ.

ಕೈಗೆ ರೂಢಿಯಾಗಲು ಒಂದು ಉಪಾಯ: ಮೂಲ ಓದಿ, ಮುಚ್ಚಿ, ಹತ್ತು ನಿಮಿಷ ಬೇರೆ ಕೆಲಸ ಮಾಡಿ, ಆಮೇಲೆ ನೆನಪಿನಿಂದ ಬರೆಯಿರಿ. ನಂತರ ಮೂಲದೊಡನೆ ಹೋಲಿಸಿ ತಪ್ಪು ತಿದ್ದಿ, ಪುಟಸಂಖ್ಯೆ ಅಲ್ಲೇ ನಮೂದಿಸಿ. ಪುಟಸಂಖ್ಯೆ ಆಮೇಲೆ ಹಾಕೋಣ ಎಂದವರು ಕೊನೆಯ ತಿಂಗಳು ಗ್ರಂಥಾಲಯದಲ್ಲೇ ಕಳೆಯುತ್ತಾರೆ.

ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ಮೂಲ ಹೇಳದೆ ಬಿಟ್ಟರೂ ಕೃತಿಚೌರ್ಯವೇ. ಯಂತ್ರಕ್ಕೆ ಕಾಣದಿದ್ದರೂ ಮೌಲ್ಯಮಾಪಕರಿಗೆ ಕಾಣುತ್ತದೆ. ಪ್ರಬಂಧ ನಾಳೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಭಂಡಾರ ಸೇರಿದ ಮೇಲೆ ಅದನ್ನು ಯಾರು ಬೇಕಾದರೂ ತೆರೆದು ಓದಬಹುದು.

ಕನ್ನಡ ಎಂ.ಎ. ಕಿರುಪ್ರಬಂಧವನ್ನು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದೆ. ವಿಭಾಗದವರು ಈಗ ಯುನಿಕೋಡ್ ಬೇಕು ಎನ್ನುತ್ತಿದ್ದಾರೆ. ಮತ್ತೆ ಟೈಪ್ ಮಾಡಿಸಬೇಕೇ? ಗ್ರಂಥಸೂಚಿಯಲ್ಲಿ ನಮ್ಮ ಹೆಸರುಗಳನ್ನು ಹೇಗೆ ಜೋಡಿಸುವುದು?
– ಧಾರವಾಡ

ಮತ್ತೆ ಟೈಪ್ ಬೇಡ. ಮೊದಲು ಕಡತ ಯಾವ ಬಗೆಯದೆಂದು ನೋಡಿ. ನುಡಿಯ ಹೊಸ ಆವೃತ್ತಿಗಳಲ್ಲಿ ಯುನಿಕೋಡ್‌ನಲ್ಲೂ ಟೈಪ್ ಮಾಡಬಹುದು. ಒಂದು ಸಾಲು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಕನ್ನಡವೇ ಕಂಡರೆ ಯುನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಕ್ರಮ. ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಂಡರೆ ಹಳೆಯ ಆಸ್ಕಿ. ಅಲ್ಲಿ ಕನ್ನಡ ಕಾಣುವುದು ಫಾಂಟಿನ ಮುಖವಾಡದಿಂದ ಮಾತ್ರ. ಹೋಲಿಕೆ ಪರೀಕ್ಷಿಸುವ ತಂತ್ರಾಂಶವಾಗಲಿ ಹುಡುಕುಯಂತ್ರವಾಗಲಿ ಆ ಕಡತದಲ್ಲಿ ಒಂದು ಕನ್ನಡ ಪದವನ್ನೂ ಕಾಣದು.

ಆಸ್ಕಿಯಿಂದ ಯುನಿಕೋಡ್‌ಗೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಇಡೀ ಕಡತವನ್ನು ಒಂದೇ ಸಲ ಹಾಕಬೇಡಿ, ಅಧ್ಯಾಯಕ್ಕೊಂದರಂತೆ ಹಾಕಿ. ಪ್ರಬಂಧದ ನಡುವೆ ಬಂದ ಇಂಗ್ಲಿಷ್ ಸಾಲುಗಳನ್ನು ಮೊದಲೇ ಬೇರೆ ಕಡತಕ್ಕೆ ತೆಗೆದಿಟ್ಟು ಆ ಜಾಗದಲ್ಲಿ ಸಂಖ್ಯೆಯ ಗುರುತು ಬಿಡಿ. ಇಲ್ಲದಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಡುತ್ತದೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆ, ಆವರಣ, ಅಡಿಟಿಪ್ಪಣಿಯ ಅಂಕಿ ಇವಿಷ್ಟನ್ನು ಸಾಲು ಸಾಲಾಗಿ ನೋಡಿ. 'ಸಾಫ್ಟ್‌ವೇರ್' ಎಂಬಂಥ ಪದಗಳಲ್ಲಿ ವ ಒತ್ತಾಗಿ ಕೆಳಗಿಳಿದಿದ್ದರೆ ನಡುವೆ ಶೂನ್ಯ ಅಗಲದ ಬೇರ್ಪಡಕ (ಝೀರೋ ವಿಡ್ತ್ ನಾನ್-ಜಾಯ್ನರ್, ಅಕ್ಷರಗಳು ಅಂಟದಂತೆ ತಡೆಯುವ ಕಾಣದ ಚಿಹ್ನೆ) ಸೇರಿಸಬೇಕು. ಮೂಲದ ಮುದ್ರಿತ ಪ್ರತಿ ಪಕ್ಕದಲ್ಲಿಟ್ಟು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸುವುದಕ್ಕಿಂತ ಒಳ್ಳೆಯ ಕರಡು ತಿದ್ದುವ ವಿಧಾನ ಇನ್ನೂ ಬಂದಿಲ್ಲ.

ಅಧ್ಯಾಯದ ತಲೆಬರಹಗಳಿಗೆ ವರ್ಡ್‌ನ ಹೆಡಿಂಗ್ ಶೈಲಿ ಕೊಟ್ಟರೆ ಪರಿವಿಡಿ ತಾನಾಗಿ ಬರುತ್ತದೆ. ಕೈಯಲ್ಲಿ ಪುಟಸಂಖ್ಯೆ ತುಂಬುವ ಅಂಗಡಿಯವರಿಗೆ ಇದನ್ನು ಮೊದಲೇ ಹೇಳಿ, ಒಂದು ಪುಟ ಸರಿದರೆ ಇಡೀ ಪರಿವಿಡಿ ತಪ್ಪುತ್ತದೆ.

ಹೆಸರುಗಳ ಗೊಂದಲ ನಿಜವಾದದ್ದು, ಯಾಕೆಂದರೆ ಪಾಶ್ಚಾತ್ಯ ಶೈಲಿಗಳು ಎಲ್ಲರಿಗೂ ಕುಲನಾಮವಿದೆ ಎಂದು ಭಾವಿಸಿವೆ. ಡಿ.ವಿ. ಗುಂಡಪ್ಪ ಎಂಬಲ್ಲಿ 'ಡಿ' ದೇವನಹಳ್ಳಿ, 'ವಿ' ತಂದೆ ವೆಂಕಟರಮಣಯ್ಯ, ಗುಂಡಪ್ಪ ಅವರದೇ ಹೆಸರು. ಗ್ರಂಥಸೂಚಿಯಲ್ಲಿ 'ಗುಂಡಪ್ಪ, ಡಿ.ವಿ.' ಎಂದು ಬರುತ್ತದೆ. ಕೋಟ ಶಿವರಾಮ ಕಾರಂತರಲ್ಲಿ ಕಾರಂತ ಮನೆತನದ ಹೆಸರು, ಹಾಗಾಗಿ 'ಕಾರಂತ, ಶಿವರಾಮ'. ಕುವೆಂಪು ಎಂಬಂಥ ಕಾವ್ಯನಾಮವನ್ನು ಒಡೆಯಬಾರದು, ಇದ್ದಂತೆ ಇಡಿ. ಗ್ರಂಥಸೂಚಿ ಜೋಡಿಸಿಕೊಡುವ ಜೋಟೆರೋ ತಂತ್ರಾಂಶ ಬಳಸುವವರು ಇಂಥ ಹೆಸರಿಗೆ ಎರಡು ಖಾನೆಯ ಬದಲು ಒಂದೇ ಖಾನೆಯ ಆಯ್ಕೆ ಒತ್ತಿದರೆ ತಂತ್ರಾಂಶ ಹಿಂದುಮುಂದು ಮಾಡುವುದಿಲ್ಲ. ವಿಭಾಗದ್ದೇ ನಿಯಮವಿದ್ದರೆ ಅದೇ ಅಂತಿಮ, ಇಲ್ಲದಿದ್ದರೆ ಒಂದು ಕ್ರಮ ಹಿಡಿದು ಕೊನೆಯವರೆಗೂ ಬಿಡಬೇಡಿ.

ಅಕಾರಾದಿ ಜೋಡಣೆಯನ್ನು ಕಂಪ್ಯೂಟರಿಗೆ ಬಿಟ್ಟಿದ್ದರೆ 'ಳ' ಎಲ್ಲಿ ಬಂದಿದೆ ನೋಡಿ. ಯುನಿಕೋಡ್ ಸಂಕೇತಗಳ ಸಾಲಿನಲ್ಲಿ ಅದು 'ಲ' ಆದ ಕೂಡಲೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಕಟ್ಟಕಡೆಗೆ. ಕನ್ನಡ ವಿಭಾಗದ ಮೌಲ್ಯಮಾಪಕರ ಕಣ್ಣು ಬೀಳುವುದು ಇಂಥದ್ದರ ಮೇಲೆಯೇ!

ಚಾಟ್‌ಜಿಪಿಟಿ ಕೊಟ್ಟ ಹತ್ತು ಆಕರಗಳಲ್ಲಿ ನಾಲ್ಕು ಎಲ್ಲೂ ಸಿಗುತ್ತಿಲ್ಲ. ಹೇಗೆ ಹುಡುಕುವುದು?
– ಬೆಂಗಳೂರು

ಸಿಗುವುದಿಲ್ಲ, ಅವು ಇಲ್ಲವೇ ಇಲ್ಲ. ಈ ಯಂತ್ರಗಳು ಪದದ ಹಿಂದೆ ಪದ ಜೋಡಿಸುವಂಥವು. ನಿಜವಾದ ವಿದ್ವಾಂಸರ ಹೆಸರು, ನಿಜವಾದ ಪತ್ರಿಕೆಯ ಹೆಸರು, ನಂಬುವಂಥ ಶೀರ್ಷಿಕೆ ಸೇರಿಸಿ ಬರೆಯದೇ ಇರುವ ಲೇಖನವನ್ನು ಹುಟ್ಟಿಸುತ್ತವೆ. ಉಳಿದ ಆರನ್ನೂ ನಂಬಬೇಡಿ. ಲೇಖನದ ಡಿಒಐ ಸಂಖ್ಯೆಯನ್ನು (ಪ್ರತಿ ಲೇಖನಕ್ಕೂ ಕೊಡುವ ಕಾಯಂ ಗುರುತಿನ ಸಂಖ್ಯೆ) ಡಿಒಐ ತಾಣದಲ್ಲಿ ಹಾಕಿ, ತೆರೆಯುವ ಪುಟದ ಶೀರ್ಷಿಕೆ ಅದೇನಾ ನೋಡಿ. ಪತ್ರಿಕೆಯ ಆ ಸಂಪುಟದ ಪರಿವಿಡಿಯಲ್ಲಿ ಆ ಪುಟಸಂಖ್ಯೆ ಇದೆಯೇ ನೋಡಿ. ಲೇಖನ ತೆರೆದು ನೀವು ಹೇಳಹೊರಟಿರುವ ಮಾತು ಅದರಲ್ಲಿದೆಯೇ ನೋಡಿ. ಮೂರರಲ್ಲಿ ಒಂದು ತಪ್ಪಿದರೂ ಪಟ್ಟಿಯಿಂದ ತೆಗೆಯಿರಿ.

ಪದವಿ ಕಾಲೇಜಿನವರಾದರೆ ಗ್ರಂಥಪಾಲಕರಲ್ಲಿ ಎನ್-ಲಿಸ್ಟ್ (ಕಾಲೇಜುಗಳಿಗೆ ಅಂತರ್ಜಾಲದಲ್ಲಿ ಪತ್ರಿಕೆ ಒದಗಿಸುವ ಇನ್‌ಫ್ಲಿಬ್‌ನೆಟ್ ಯೋಜನೆ) ಲಾಗಿನ್ ಕೇಳಿ. ಕಾಲೇಜು ಸದಸ್ಯನಾಗಿದ್ದರೆ ಸಾವಿರಾರು ಪತ್ರಿಕೆಗಳು ಮನೆಯಿಂದಲೇ ತೆರೆಯುತ್ತವೆ. ಚಂದಾ ಕಟ್ಟಿದ ಕಾಲೇಜುಗಳಲ್ಲೂ ಎಷ್ಟೋ ವಿದ್ಯಾರ್ಥಿಗಳಿಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರುವುದಿಲ್ಲ.

ಬ್ರಿಟನ್ನಿನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಬೆಂಗಳೂರಿನಲ್ಲಿ ಶೇ. 85ರ ಮೇಲೆಯೇ ಇದ್ದವನಿಗೆ ಇಲ್ಲಿ ಮೊದಲ ಪ್ರಬಂಧಕ್ಕೆ 58. 'ವಿಮರ್ಶೆ ಸಾಲದು, ವಿವರಣೆಯೇ ಹೆಚ್ಚು' ಎಂದು ಷರಾ. ವಾಪಸು ಬಂದುಬಿಡಲೇ?
– ಲೀಡ್ಸ್

ಬರಬೇಡಿ. ಅಲ್ಲಿನ ಸ್ನಾತಕೋತ್ತರ ಕೋರ್ಸುಗಳಲ್ಲಿ ಸಾಮಾನ್ಯವಾಗಿ 50 ಪಾಸು, 60 ಮೆರಿಟ್, 70 ಡಿಸ್ಟಿಂಕ್ಷನ್. 80 ದಾಟುವುದು ಅಪರೂಪ. 58 ಎಂದರೆ ಮೆರಿಟ್‌ಗೆ ಎರಡು ಅಂಕ ಕಡಿಮೆ, ಮೊದಲ ಪ್ರಬಂಧಕ್ಕೆ ಕೆಟ್ಟದ್ದೇನಲ್ಲ.

ಷರಾದ ಅರ್ಥ ಇಷ್ಟು: ನೀವು 'ಲೇಖಕ ಕ ಹೀಗೆ ಹೇಳುತ್ತಾರೆ, ಲೇಖಕ ಖ ಹೀಗೆ ಹೇಳುತ್ತಾರೆ' ಎಂದು ಸಾಲಾಗಿ ನಿಲ್ಲಿಸಿದ್ದೀರಿ. ಅವರಿಗೆ ಬೇಕಿರುವುದು 'ಕ ಮತ್ತು ಖ ಇಬ್ಬರ ಮಾತು ಇಲ್ಲಿ ಡಿಕ್ಕಿ ಹೊಡೆಯುತ್ತದೆ, ಕ ಬಳಸಿದ ಮಾದರಿ ಚಿಕ್ಕದು, ಆದ್ದರಿಂದ ಈ ಪ್ರಶ್ನೆಗೆ ಖ ಅವರ ಮಾತು ಹೆಚ್ಚು ಒಪ್ಪುತ್ತದೆ' ಎಂಬ ಮಾತು. ಕರಡಿನ ಪ್ರತಿ ಪ್ಯಾರಾದ ಪಕ್ಕದಲ್ಲಿ ಪೆನ್ಸಿಲಿನಿಂದ 'ವಿ' ಅಥವಾ 'ತೀ' ಬರೆಯಿರಿ: ವಿವರಣೆಯೋ, ತೀರ್ಮಾನವೋ. ಸತತ ಮೂರು ಪ್ಯಾರಾ 'ವಿ' ಬಂದರೆ ಅಲ್ಲಿ ಒಂದನ್ನು ಕತ್ತರಿಸಿ, ಆ ಜಾಗದಲ್ಲಿ ಹೋಲಿಕೆ ತನ್ನಿ.

ವಿಶ್ವವಿದ್ಯಾಲಯದಲ್ಲಿ ಅಕಡೆಮಿಕ್ ಸ್ಕಿಲ್ಸ್ ನೆರವು ಇದ್ದೇ ಇರುತ್ತದೆ, ಹೆಚ್ಚಾಗಿ ಗ್ರಂಥಾಲಯದಲ್ಲಿ. ಪ್ರತ್ಯೇಕ ಶುಲ್ಕವಿಲ್ಲ. ಹೋಗುವಾಗ ಪ್ರಶ್ನೆಯ ಪ್ರತಿ, ಅಂಕ ನೀಡುವ ಮಾನದಂಡದ ಹಾಳೆ, ಷರಾ ಇರುವ ಹಳೆಯ ಪ್ರಬಂಧ, ಮುಂದಿನದರ ಒಂದು ಪುಟದ ರೂಪರೇಖೆ ಒಯ್ಯಿರಿ. 'ಇಂಗ್ಲಿಷ್ ತಿದ್ದಿಕೊಡಿ' ಎಂದರೆ ಅವರು ಮಾಡುವುದಿಲ್ಲ, ಅದು ಅವರ ಕೆಲಸವಲ್ಲ. 'ಮೂರನೆಯ ಪ್ಯಾರಾದಲ್ಲಿ ನನ್ನ ವಾದ ಕಾಣುತ್ತಿದೆಯೇ?' ಎಂದು ಕೇಳಿದರೆ ಅರ್ಧ ಗಂಟೆ ಕೂತು ಬಿಡಿಸಿ ಹೇಳುತ್ತಾರೆ. ಸಲ್ಲಿಕೆಯ ಹಿಂದಿನ ದಿನ ಹೋದರೆ ಸರದಿಯೇ ಸಿಗುವುದಿಲ್ಲ, ಎರಡು ವಾರ ಮುಂಚೆ ಸಮಯ ಗೊತ್ತುಮಾಡಿ. ಜೊತೆಯ ಕನ್ನಡಿಗರೊಡನೆ ಚರ್ಚಿಸಿ, ಆದರೆ ಕರಡು ಹಂಚಿಕೊಳ್ಳಬೇಡಿ. ಇಬ್ಬರ ಪ್ರಬಂಧ ಒಂದೇ ತೆರನಾಗಿ ಬಂದರೆ ಕೊಟ್ಟವನನ್ನೂ ಪಡೆದವನನ್ನೂ ಒಟ್ಟಿಗೇ ಕರೆಸುತ್ತಾರೆ.